ಕಾಯಕಪ್ರಸಂಗಗಳಲ್ಲಿ ಒಡೆಯನೂ ದುಡಿವವನೂ

ಹಂಪೆಯನ್ನು ಹೊರಗೆ ನೋಡಬೇಕು, ಉಜ್ಜಿನಿಯನ್ನು ಒಳಗೆ ನೋಡಬೇಕು ಎಂಬ ಗಾದೆ ಕೂಡ್ಲಿಗಿ, ಕೊಟ್ಟೂರುಗಳ ಸೀಮೆಯಲ್ಲಿ ರೂಢವಾಗಿರುವುದು. ಉಜ್ಜಿನಿಯ ಮರುಳಸಿದ್ಧೇಶ್ವರ ದೇವಾಲಯದ ಒಳಗಣ ಕೆತ್ತನೆಯನ್ನು ಕುರಿತ ಈ ಮಾತು ಗ್ರಂಥವಿಮರ್ಶೆಗೂ ಸಲ್ಲತಕ್ಕುದು. ಶರಣರ ಕಾಯಕಪ್ರಸಂಗಗಳನ್ನು ಹೊರಗಿನಿಂದಲೇ ನೋಡಿ, ಒಡೆಯನು ಕೊಟ್ಟಷ್ಟಕ್ಕೆ ತೃಪ್ತನಾಗಿ ಮರುಮಾತಿಲ್ಲದೆ ದುಡಿಯುವುದೇ ಅವುಗಳ ಉಪದೇಶವೆಂದು ಕಾರ್ಖಾನೆ ಕಛೇರಿಗಳ ಕೆಲಸಗಾರರಿಗೆ ಬೋಧಿಸುವವರುಂಟು. ಮೂಲವು ಈ ಅರ್ಥವನ್ನು ಒಪ್ಪುವುದೇ ಎಂಬುದು ವಿಚಾರಾರ್ಹವಾಗಿದೆ.

ಗೂಳೂರು ಸಿದ್ಧವೀರಣಾರ್ಯನ ಶೂನ್ಯಸಂಪಾದನೆಯಲ್ಲಿ ಬರುವ ಆಯ್ದಕ್ಕಿಯ ಮಾರಯ್ಯನ ಪ್ರಸಂಗವನ್ನು ಮೊದಲು ನೋಡಬಹುದು. ಬಸವಣ್ಣನ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿನ ಅಳತೆಯನ್ನು ಮೀರಿ ತರಲು, ಪತ್ನಿ ಲಕ್ಕಮ್ಮನು ಅದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಹೇಳುವಳು. ಇದನ್ನು ಅಲ್ಪತೃಪ್ತಿಯೆಂದು ಹೊಗಳುವವರು ಒಂದಂಶವನ್ನು ಮರೆಯುತ್ತಾರೆ. ಸಾಕೆಂಬ ಮೇರೆಯನ್ನು ಇಲ್ಲಿ ನಿಶ್ಚಯಿಸಿದವಳು ಲಕ್ಕಮ್ಮ, ಅಂಗಳದ ಒಡೆಯನಲ್ಲ. ಮಿಕ್ಕುದನ್ನು ಮರಳಿಸಿದ ಅಳತೆಯೇ ಸಲ್ಲಬೇಕಾದುದನ್ನು ಕೇಳುವ ಅಳತೆಯೂ ಆಗಿರುವುದು. ಒಂದನ್ನು ಹಿಡಿದು ಮತ್ತೊಂದನ್ನು ಬಿಡುವುದು ಅರ್ಧಜರತೀಯನ್ಯಾಯವಾದೀತು.

ನುಲಿಯ ಚಂದಯ್ಯನ ಪ್ರಸಂಗವು ಇನ್ನೂ ಮುಂದೆ ಹೋಗುವುದು. ಹಗ್ಗಕ್ಕಾಗಿ ಹುಲ್ಲು ಕೊಯ್ಯುವಾಗ ಲಿಂಗವು ಜಾರಿಬೀಳಲು ಅವನು ಕಾಯಕವನ್ನು ನಿಲ್ಲಿಸುವುದಿಲ್ಲ. ಬೆನ್ನಟ್ಟಿ ಬಂದ ಲಿಂಗವನ್ನು ಸುಲಭವಾಗಿ ಅಂಗೀಕರಿಸುವುದೂ ಇಲ್ಲ. ಮಡಿವಾಳ ಮಾಚಯ್ಯನ ಸಂಧಾನವಾದ ಮೇಲೆ ಲಿಂಗವೇ ಕಾಯಕಕ್ಕೆ ನಿಲ್ಲಬೇಕಾಗುವುದು. ಪೂಜ್ಯನಾದ ಒಡೆಯನಿಗೂ ದುಡಿಮೆಯ ನಿಯಮದಿಂದ ವಿನಾಯಿತಿಯಿಲ್ಲವೆಂಬುದೇ ಇದರ ಇಂಗಿತ. ಆಳಿಗೆ ಮಾತ್ರ ಶಿಸ್ತನ್ನು ವಿಧಿಸುವ ವ್ಯಾಖ್ಯಾನಕ್ಕೆ ಇಲ್ಲಿ ಆಧಾರವಿಲ್ಲ.

ಕಾಯಕವು ದಾಸೋಹಕ್ಕಾಗಿ ಮಾಡುವ ವ್ರತ, ಕೂಲಿಯು ಜೀವನೋಪಾಯ. ಇವೆರಡನ್ನೂ ಸಮೀಕರಿಸಲಾಗದೆಂಬ ಆಕ್ಷೇಪವು ಯುಕ್ತವಾದುದೇ. ಆದರೆ ಆ ಭೇದವು ಉಪದೇಶಕರನ್ನೇ ಹೆಚ್ಚಾಗಿ ಬಾಧಿಸುವುದು. ಸ್ವೇಚ್ಛೆಯಿಂದ ಕೈಕೊಂಡ ವ್ರತದ ಸಂತೋಷವನ್ನು ಹೊಟ್ಟೆಪಾಡಿಗಾಗಿ ದುಡಿಯುವವನ ಮೇಲೆ ಆಜ್ಞೆಯಾಗಿ ಹೇರುವುದು ಹೇಗೆ ನ್ಯಾಯವಾದೀತು?

ತೃಪ್ತಿಗೆ ವೇತನವೊಂದೇ ಕಾರಣವಲ್ಲ ಎಂಬುದಕ್ಕೆ ಶಾಸನಪ್ರಮಾಣವೂ ಉಂಟು. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ರೂವಾರಿಗಳ ಹೆಸರುಗಳು ಬಿರುದಾವಳಿಯೊಡನೆ ಅವರವರ ಶಿಲ್ಪಗಳ ಕೆಳಗೆ ಕಾಣಬರುತ್ತವೆ. ರಾಜನ ಕೀರ್ತಿಗಾಗಿ ಎದ್ದ ಗುಡಿಯಲ್ಲಿ ಉಳಿ ಹಿಡಿದವನ ಹೆಸರಿಗೂ ಎಡೆಯಿದ್ದಿತು. ಮಾಡಿದ ಕೆಲಸ ತನ್ನದೆಂದು ಹೇಳಿಕೊಳ್ಳಲು ಆಸ್ಪದವಿಲ್ಲದ ಕಡೆ ಸಂಬಳವು ಹೆಚ್ಚಿದರೂ ಮನಸ್ಸಿನ ಬೇಸರ ನೀಗುವುದು ಕಷ್ಟ.

ಅಳತೆಯನ್ನು ಅರಿತು ನುಡಿಯುವ ಸ್ವಾತಂತ್ರ್ಯ, ಒಡೆಯನಿಗೂ ಅದೇ ನಿಯಮ, ಕೃತಿಗೆ ಕರ್ತೃವಿನ ಹೆಸರು: ಈ ಮೂರೂ ಇರುವಲ್ಲಿ ತೃಪ್ತಿಯು ತಾನಾಗಿ ನೆಲೆಗೊಳ್ಳುವುದು. ಇವಿಲ್ಲದ ಕಡೆ ಕಾಣುವ ಮೌನವನ್ನು ತೃಪ್ತಿಯೆಂದು ಬಗೆಯಲಾಗದು. ಪಾಠ ಹೇಳುವವರು ಮಾರಯ್ಯನನ್ನು ಹೊಗಳುವಾಗ ಲಕ್ಕಮ್ಮನ ಮಾತನ್ನೂ, ಚಂದಯ್ಯನ ಹಟವನ್ನೂ ಬಿಡದೆ ಹೇಳಿದರೆ ಗ್ರಂಥಕ್ಕೆ ನ್ಯಾಯವು ದೊರೆತಂತಾಗುವುದು.