ಭಾನುವಾರದ ಕನ್ನಡ

ಕ್ರೈಸ್ತರ ಮನೆಯಲ್ಲಿ ಹುಟ್ಟಿ ಕನ್ನಡದಲ್ಲಿ ಬರೆಯುವ ಹೆಂಗಸಿಗೆ ಬೇಡಿಕೆ ಯಾವತ್ತೂ ಕಡಿಮೆಯಿಲ್ಲ. ಕ್ರಿಸ್ಮಸ್ ಹತ್ತಿರ ಬಂದರೆ ಒಂದು ಲೇಖನ, ಈಸ್ಟರಿಗೆ ಒಂದು ಕವನ, ದೇವಾಲಯಕ್ಕೆ ನೂರು ತುಂಬಿದರೆ ಸ್ಮರಣ ಸಂಚಿಕೆಗೆ ಎರಡು ಪುಟ. ಕಾರ್ಕಳದಲ್ಲಿ ಪಾಠ ಹೇಳುತ್ತಿದ್ದ ಕಾಲದಿಂದಲೂ ನಾನು ಇಂಥವನ್ನು ಬರೆದುಕೊಡುತ್ತ ಬಂದಿದ್ದೆ. ಆಮೇಲೆ ಬರವಣಿಗೆ ನಿಂತುಹೋಯಿತು. ವಿಶ್ವಾಸ ಕಡಿಮೆಯಾಗಿ ಅಲ್ಲ. ಮೊದಲ ವಾಕ್ಯ ಬರೆದ ಕೂಡಲೇ ಕೊನೆಯ ವಾಕ್ಯ ಯಾವುದೆಂದು ಗೊತ್ತಾಗಿಬಿಡುತ್ತಿತ್ತು. ಗೊತ್ತಿದ್ದುದನ್ನೇ ಬರೆಯಲು ಯಾರಿಗೆ ತಾನೆ ಉಮೇದು ಬರುತ್ತದೆ?

ಇದು ನನ್ನೊಬ್ಬಳ ತೊಂದರೆ ಎಂದು ಬಹಳ ದಿನ ತಿಳಿದುಕೊಂಡಿದ್ದೆ. ನಿವೃತ್ತಿಯ ನಂತರ ಮಣಿಪಾಲಕ್ಕೆ ಬಂದು ನೆಲೆಸಿದ ಮೇಲೆ ಹಳೆಯ ಪುಸ್ತಕಗಳನ್ನು ಮತ್ತೆ ತೆಗೆದು ಓದತೊಡಗಿದಾಗ ಅದರ ಬೇರು ಭಾಷೆಯಲ್ಲಿದೆ ಎನ್ನಿಸಿತು. ನಾನು ಹುಟ್ಟಿದ್ದು ಕಾಪುವಿನಲ್ಲಿ, ಬಾಸೆಲ್ ಮಿಶನ್ನಿನ ಹಳೆಯ ಸಭೆಗೆ ಸೇರಿದ ಕುಟುಂಬದಲ್ಲಿ. ಮನೆಮಾತು ತುಳು. ನೆರೆಯ ಕೆಥೊಲಿಕರ ಮನೆಮಾತು ಕೊಂಕಣಿ. ತುಳುವಿನಲ್ಲಿ ಹೊಸ ಒಡಂಬಡಿಕೆ 1847ರಷ್ಟು ಹಿಂದೆಯೇ ಅಚ್ಚಾಗಿದ್ದರೂ ನಮಗೆ ಓದಲು ಕಲಿಸಿದ್ದು ಕನ್ನಡ ಸತ್ಯವೇದ. ಕನ್ನಡವೆಂದರೆ ನಮಗೆ ಶಾಲೆಯದು ಮತ್ತು ಭಾನುವಾರದ್ದು. ಒಗೆದು ಇಸ್ತ್ರಿ ಹಾಕಿದ ಸೀರೆಯಂತೆ ಅದನ್ನು ಉಟ್ಟು ಆರಾಧನೆಗೆ ಹೋಗುವುದು, ಬಂದು ಮಡಚಿಡುವುದು. ಕೃಪೆ, ರಕ್ಷಣೆ, ಪಶ್ಚಾತ್ತಾಪ, ಒಡಂಬಡಿಕೆ: ಎಲ್ಲವೂ ಚಂದದ ಶಬ್ದಗಳೇ. ಆದರೆ ಆ ಕನ್ನಡದಲ್ಲಿ ಬೂತಾಯಿಯ ಬೆಲೆ ಏರುವುದಿಲ್ಲ, ಅತ್ತೆ ಸೊಸೆಯನ್ನು ಗದರಿಸುವುದಿಲ್ಲ, ಮಗಳ ಮದುವೆಗೆ ಮಾಡಿದ ಸಾಲ ಯಾರಿಗೂ ನೆನಪಾಗುವುದಿಲ್ಲ. ನಮ್ಮ ಸ್ಮರಣ ಸಂಚಿಕೆಗಳನ್ನು ಬಿಡಿಸಿ ನೋಡಿ. ಅಲ್ಲಿ ಸೋಮವಾರವೇ ಇಲ್ಲ.

ವಿಚಿತ್ರವೆಂದರೆ, ಈ ಭಾಷೆಯನ್ನು ನಮಗೆ ಕೊಟ್ಟುಹೋದ ಮಿಶನರಿಗಳು ತಾವು ಹಾಗಿರಲಿಲ್ಲ. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ ಹರ್ಮನ್ ಮೋಗ್ಲಿಂಗ್, ದಾಸರ ಪದಗಳನ್ನು ಕೂಡಿಸಿ ಅಚ್ಚು ಹಾಕಿಸಿದವರು. 1894ರಲ್ಲಿ ಹೊರಬಂದ ಕಿಟ್ಟೆಲ್ ನಿಘಂಟಿನಲ್ಲಿ ಸುಮಾರು ಎಪ್ಪತ್ತು ಸಾವಿರ ಶಬ್ದಗಳಿವೆ. ಪಂಡಿತರ ಕನ್ನಡದ ಜತೆಗೆ ಗಾದೆಗಳೂ ಆಡುಮಾತೂ ಅದರೊಳಗೆ ಬಂದು ಕೂತಿವೆ. ಆ ಜರ್ಮನ್ ಪಾದ್ರಿಗೆ ಕಿವಿ ಇತ್ತು. ಉತ್ತಂಗಿ ಚನ್ನಪ್ಪನವರನ್ನೇ ತೆಗೆದುಕೊಳ್ಳಿ. ಮಿಶನ್ನಿನ ಪಾದ್ರಿಯಾಗಿದ್ದುಕೊಂಡು ಅವರು ಸಂಗ್ರಹಿಸಿದ್ದು ಸರ್ವಜ್ಞನ ವಚನಗಳನ್ನು. 1924ರಲ್ಲಿ ಅದು ಪುಸ್ತಕವಾಯಿತು. 1949ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ತಮ್ಮ ಧರ್ಮ ಬಿಡದೆ ಊರಿನ ನಾಲಗೆಯನ್ನು ಹಿಡಿದವರು ಇವರು. ನಾವು ಅವರ ಶಬ್ದಗಳನ್ನು ಉಳಿಸಿಕೊಂಡೆವು, ಅವರ ಕಿವಿಯನ್ನಲ್ಲ.

ಕ್ರಿಸ್ತನ ಬಗ್ಗೆ ಕನ್ನಡದ ಅತ್ಯುತ್ತಮ ಕಾವ್ಯ ಯಾವುದೆಂದು ಕೇಳಿದರೆ ಮಂಜೇಶ್ವರದ ಗೋವಿಂದ ಪೈಗಳ 'ಗೊಲ್ಗೊಥಾ' ಎಂದು ಎಲ್ಲರೂ ಹೇಳುತ್ತಾರೆ. ಅದನ್ನು ಬರೆದವರು ಕ್ರೈಸ್ತರಲ್ಲ. ಅದಕ್ಕೆ ನಾವು ಸಂತೋಷಪಡಬೇಕು. ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರವೇ ಇದೆ. ಆದರೂ ಮನಸ್ಸಿನಲ್ಲಿದ್ದುದನ್ನು ಹೇಳುತ್ತೇನೆ: ಅದು ಬಾಗಿ ನಮಸ್ಕರಿಸುವ ಕಾವ್ಯ. ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಬೇಕು. ನಿಂತುಹೋದ ಪೆನ್ನನ್ನು ಅದು ಓಡಿಸುವುದಿಲ್ಲ. ಅಷ್ಟು ಎತ್ತರದಲ್ಲಿ ನನ್ನಂಥವಳಿಗೆ ಕಾಲು ಊರಲು ಜಾಗವಿಲ್ಲ.

ನನ್ನ ಪೆನ್ನು ಓಡಿದ್ದು ನಾ. ಡಿಸೋಜರಿಂದ. 2025ರ ಜನವರಿಯಲ್ಲಿ ಅವರು ತೀರಿಕೊಂಡ ಸುದ್ದಿ ಓದಿದ ವಾರ 'ದ್ವೀಪ'ವನ್ನು ಮತ್ತೆ ಹಿಡಿದೆ. ಗಿರೀಶ ಕಾಸರವಳ್ಳಿಯವರ 2002ರ ಚಿತ್ರದಿಂದ ಅದರ ಕಥೆ ನಿಮಗೂ ಗೊತ್ತಿರುತ್ತದೆ. ಶರಾವತಿಗೆ ಅಣೆಕಟ್ಟು ಬಂದು ನೀರು ಏರುತ್ತದೆ, ಊರು ಖಾಲಿಯಾಗುತ್ತದೆ, ಗಣಪಯ್ಯ ನಾಗವೇಣಿಯರ ಮನೆ ನಡುಗಡ್ಡೆಯಾಗಿ ಉಳಿಯುತ್ತದೆ. ಇಡೀ ಕಾದಂಬರಿಯಲ್ಲಿ ಒಂದು ಶಿಲುಬೆಯಾಗಲಿ ಪ್ರಾರ್ಥನೆಯಾಗಲಿ ಎದ್ದು ನಿಂತು ಕೈಬೀಸುವುದಿಲ್ಲ. ಆದರೆ ಪರಿಹಾರದ ಕಾಗದ ಮುಂದಿಟ್ಟು ಸರಕಾರ ತನ್ನ ಕೆಲಸ ಮುಗಿಯಿತೆಂದುಕೊಂಡ ಮೇಲೂ ಕಾದಂಬರಿಕಾರ ಆ ಮನೆಯಲ್ಲೇ ಕೂತಿರುತ್ತಾರೆ. ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಮಾಡಿದವರು ಅವರು. ಮುಳುಗಡೆಯ ಲೆಕ್ಕ ಬರೆಯುವ ಕಡೆಯಿಂದ ಅದನ್ನು ಕಂಡವರು. ಎಲ್ಲರೂ ಹೊರಟ ಮೇಲೆ ಉಳಿದವರ ಬಳಿ ಕೂತಿರುವುದಕ್ಕಿಂತ ಹೆಚ್ಚಿನ ಕ್ರೈಸ್ತ ಸಾಹಿತ್ಯ ನನಗಂತೂ ಗೊತ್ತಿಲ್ಲ.

ಹಾಗೆಂದು ಅವರು ಇಗರ್ಜಿಯನ್ನು ಮರೆತವರಲ್ಲ. 'ಇಗರ್ಜಿಯ ಸುತ್ತಲಿನ ಹತ್ತಾರು ಮನೆಗಳು' ಎಂಬ ಹೆಸರನ್ನೇ ನೋಡಿ. ಇಗರ್ಜಿಯ ಒಳಗಲ್ಲ, ಅದರ ಸುತ್ತ. ಕರಾವಳಿಯಿಂದ ಗಟ್ಟ ಹತ್ತಿ ಮಲೆನಾಡಿನಲ್ಲಿ ನೆಲೆಸಿದ ಕೊಂಕಣಿ ಕ್ರೈಸ್ತರ ಹಟ, ಹೊಟ್ಟೆಕಿಚ್ಚು, ಭಕ್ತಿ, ಬಡತನ ಎಲ್ಲವನ್ನೂ ಅವರು ಸಂಕೋಚವಿಲ್ಲದೆ ಕನ್ನಡಕ್ಕೆ ತಂದರು. ಗದ್ಯ ಕೆಲವೆಡೆ ವರದಿಯಂತಾಗುತ್ತದೆ, ವಿವರ ಮುಗಿದ ಮೇಲೂ ವಿವರಿಸುತ್ತಾರೆ. ಇನ್ನೊಂದು ಮಾತು, ಹೆಂಗಸಾಗಿ ಓದುವಾಗ ಅನ್ನಿಸಿದ್ದು: ಆ ಹತ್ತಾರು ಮನೆಗಳ ಅಡುಗೆಕೋಣೆ ನಮಗೆ ಕಾಣುವುದು ಜಗಲಿಯಿಂದ ಕಾಣುವಷ್ಟೇ. ಒಳಗೆ ಹೋಗುವ ಕೆಲಸ ಬಾಕಿಯಿದೆ.

ಒಳಗೆ ಹೋಗುವುದು ಹೇಗೆಂದು ತೋರಿಸಿದವರು ನಮ್ಮ ನೆರೆಯಲ್ಲೇ ಇದ್ದಾರೆ. ಮಣಿಪಾಲದಲ್ಲೇ ಮನೆ ಮಾಡಿಕೊಂಡ ವೈದೇಹಿಯವರು ಕುಂದಾಪುರದ ಮಾತನ್ನು ನಡುಮನೆಯಿಂದಲೇ ಎತ್ತಿ ಕಥೆಗೆ ತಂದವರು. ಅವರ 'ಅಕ್ಕು'ವನ್ನು ಓದಿ ಸುಮ್ಮನೆ ಕೂತವರು ನಿಮ್ಮಲ್ಲೂ ಇರಬಹುದು. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ ಮನೆಮಾತೂ ಕನ್ನಡವಲ್ಲ. ಆದರೂ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯಲ್ಲಿ ನಾದಿರಾಳ ಸಂಕಟವನ್ನು ಅವರು ಕನ್ನಡದಲ್ಲೇ ಹೇಳಿದರು. ತಮ್ಮವರು ಏನೆನ್ನುತ್ತಾರೋ ಎಂದು ಹಿಂಜರಿಯಲಿಲ್ಲ. ಮನೆಮಾತು ಬೇರೆ ಎಂಬುದು ನಮಗೆ ನೆಪವಾಗಿತ್ತು. ಅವರಿಗೆ ಅದು ಬಂಡವಾಳವಾಯಿತು. ಅವರನ್ನು ಓದಿದ ಮೇಲೆ ಆ ನೆಪವನ್ನು ಹಿಡಿದುಕೊಳ್ಳುವುದು ಕಷ್ಟ. ಕೊಂಕಣಿಯಲ್ಲಿ ಬರೆಯುವ ನಮ್ಮ ಅಕ್ಕತಂಗಿಯರ ಮಾತು ಬೇರೆ. ಅವರಿಗೆ 1938ರಿಂದ 'ರಾಕ್ಣೊ'ದಂಥ ಪತ್ರಿಕೆಯ ಅಂಗಳವಿತ್ತು. ತುಳು ಮನೆಯ ಪ್ರೊಟೆಸ್ಟೆಂಟ್ ಹೆಂಗಸಿಗೆ ಅಂಥ ಅಂಗಳ ಕಾಣಲಿಲ್ಲ.

ವಿಷಯಕ್ಕೇನೂ ಕೊರತೆಯಿಲ್ಲ. ಜನವರಿಯಲ್ಲಿ ಕಾರ್ಕಳದ ಅತ್ತೂರು ಜಾತ್ರೆಗೆ ಹೋಗಿ ನಿಲ್ಲಿ. ಸಂತ ಲಾರೆನ್ಸರ ಮುಂದೆ ಮೇಣದ ಬತ್ತಿ ಹಚ್ಚುವ ಸಾಲಿನಲ್ಲಿ ಕುಂಕುಮವಿಟ್ಟವರೆಷ್ಟು, ಇಡದವರೆಷ್ಟು ಎಂದು ಯಾರೂ ಎಣಿಸುವುದಿಲ್ಲ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಕೆಥೊಲಿಕರ ಮನೆಗೆ ಹೊಸ ತೆನೆ ಬರುತ್ತದೆ. ನೆರೆಯ ಹಿಂದೂ ಮನೆಯಲ್ಲೂ ಅದೇ ತಿಂಗಳುಗಳಲ್ಲಿ ಕುರಲ್ ಕಟ್ಟುತ್ತಾರೆ. ಎರಡು ಮನೆಯ ಭತ್ತ ಒಂದೇ ಗದ್ದೆಯದ್ದೂ ಆಗಿರಬಹುದು. 1923ರಲ್ಲಿ ಇವಾ ಲೊಂಬಾರ್ಡ್ ಎಂಬ ಸ್ವಿಸ್ ವೈದ್ಯೆ ಉಡುಪಿಯಲ್ಲಿ ತೆರೆದ ಆಸ್ಪತ್ರೆಯಲ್ಲಿ ಮೊದಮೊದಲು ಹೆರಿಗೆಗೆ ಬಂದವರು ಮನೆಯಲ್ಲಿ ಏನು ಹೇಳಿ ಬಂದಿದ್ದರು?

ನಾನು ಈಗ ಬರೆಯುತ್ತಿರುವುದು ಒಬ್ಬ ಬೈಬಲ್ ಹೆಂಗಸಿನ ಕಥೆ. ನನ್ನ ಅಜ್ಜಿ ಆ ಕೆಲಸ ಮಾಡಿದವರು. ಹೊಲಿಗೆಯ ಚೀಲದಲ್ಲಿ ಸತ್ಯವೇದ ಇಟ್ಟುಕೊಂಡು ಮನೆಮನೆಗೆ ಹೋಗಿ ಹೆಂಗಸರಿಗೆ ಹೊಲಿಗೆ ಹೇಳಿಕೊಡುವುದು, ಅಕ್ಷರ ಕಲಿಸುವುದು, ಕೊನೆಗೆ ಒಂದು ಕಥೆ ಓದುವುದು. ಓದು ಕನ್ನಡದಲ್ಲಿ, ಮಾತು ತುಳುವಿನಲ್ಲಿ. ಒಂದು ದಿನ ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸು ಗುಂಪಿನ ನಡುವೆ ನುಸುಳಿ ಯೇಸುವಿನ ಉಡುಪನ್ನು ಮುಟ್ಟಿ ಗುಣವಾದ ಕಥೆಯನ್ನು ಓದಿದರಂತೆ. ನಾನು ಇದನ್ನು ಎಷ್ಟೋ ಸಲ ಕೇಳಿದ್ದೇನೆ, ವಿಶ್ವಾಸದ ದೃಷ್ಟಾಂತವೆಂದು ಲೇಖನದಲ್ಲಿ ಬಳಸಿದ್ದೂ ಉಂಟು. ಆ ಮನೆಯ ಹೆಂಗಸರು ವಿಶ್ವಾಸದ ಸುದ್ದಿಯನ್ನೇ ಎತ್ತಲಿಲ್ಲ. ತಿಂಗಳಿಗೆ ಮೂರು ದಿನ ಹೊರಗೆ ಕೂರುತ್ತಿದ್ದವರು ಅವರು. ಒಬ್ಬಳು ಹೊಲಿಗೆ ನಿಲ್ಲಿಸಿ ಕೇಳಿದಳಂತೆ: "ಹನ್ನೆರಡು ವರ್ಷ ಅವಳು ಹೊರಗೇ ಕೂತಿದ್ದಳಾ ಅಮ್ಮಾ? ಹಾಗಾದರೆ ಮನೆಯಲ್ಲಿ ಅಡುಗೆ ಯಾರು ಮಾಡುತ್ತಿದ್ದರು?"

ಅಜ್ಜಿ ನಕ್ಕು ಹೇಳುತ್ತಿದ್ದ ಕಥೆ ಇದು. ತಾವು ಕೊಟ್ಟ ಉತ್ತರವನ್ನು ಮಾತ್ರ ಹೇಳಲೇ ಇಲ್ಲ. ಮೂವತ್ತು ಪುಟ ಆಗಿದೆ, ಅಡುಗೆ ಇನ್ನೂ ಆಗಿಲ್ಲ.