ಡ್ರಾಪ್ಸ್ ಹಾಕಿಕೊಳ್ಳುವ ಧೈರ್ಯಕ್ಕೆ ಎಷ್ಟು ಅಂಕ?

ಬೆಂಗಳೂರಿನ ರಿಚರ್ಡ್ಸ್ ಟೌನಿನ ಪಾರ್ಕಿನ ಸುತ್ತಲಿನ ಹಳೆಯ ಮನೆಗಳಲ್ಲಿ ಗಂಡ ಹೆಂಡತಿ ಇಬ್ಬರೇ ಇರುವುದು, ಮಕ್ಕಳು ಹೊರದೇಶದಲ್ಲಿರುವುದು ಹೊಸ ಸಂಗತಿಯೇನಲ್ಲ. ಅಂಥ ಮನೆಯ ಫ್ರಿಜ್ಜಿನ ಬಾಗಿಲಲ್ಲಿ ಎರಡೂವರೆ ಮಿಲಿಲೀಟರಿನ ಲಟನೋಪ್ರಾಸ್ಟ್ ಬಾಟಲಿ ಇದೆಯೆಂದರೆ ಯಾರಿಗೋ ‘ಕಣ್ಣಿನ ಪ್ರೆಷರ್’, ಅಂದರೆ ಗ್ಲಾಕೋಮಾ ಇದೆ ಎಂದರ್ಥ. “ಡ್ರಾಪ್ಸ್ ಸರಿಯಾಗಿ ಹಾಕ್ಕೊಳ್ತಿದೀರಾ?” ಎಂದು ಡಾಕ್ಟರು ಕೇಳುತ್ತಾರೆ. “ಹಾಕ್ಕೊಳ್ತಿದೀನಿ ಡಾಕ್ಟ್ರೇ” ಎನ್ನುತ್ತಾರೆ ಇವರು. ಇಬ್ಬರಿಗೂ ಸಮಾಧಾನ. ತಿಳಿದದ್ದು ಮಾತ್ರ ಏನೂ ಇಲ್ಲ.

ಈ ಪೊಳ್ಳು ಪ್ರಶ್ನೆಯ ಜಾಗದಲ್ಲಿ ಗಟ್ಟಿಯಾದದ್ದೊಂದನ್ನು ಇಡಲು ಹೊರಟವರು ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಬೆಟ್ಸಿ ಸ್ಲೀತ್ ಮತ್ತು ಸಂಗಡಿಗರು. ಗ್ಲಾಕೋಮಾ ರೋಗಿಗಳ ಆತ್ಮವಿಶ್ವಾಸವನ್ನು ಅಳೆಯುವ ಅವರ ಪ್ರಶ್ನಾವಳಿ 2010ರಲ್ಲಿ ಪ್ರಕಟವಾಯಿತು. ಅಡ್ಡಿಗಳು ಎದುರಾದಾಗಲೂ ಔಷಧಿ ತಪ್ಪಿಸದೆ ಇರಬಲ್ಲಿರಾ ಎಂಬುದಕ್ಕೆ ಒಂದು ಭಾಗ, ಹನಿಯನ್ನು ಸರಿಯಾಗಿ ಕಣ್ಣಿಗೆ ಬಿಟ್ಟುಕೊಳ್ಳಬಲ್ಲಿರಾ ಎಂಬುದಕ್ಕೆ ಇನ್ನೊಂದು. ಇದರ ಬೇರು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡುರ 1977ರಲ್ಲಿ ಮಂಡಿಸಿದ ವಿಚಾರದಲ್ಲಿದೆ: ಒಂದು ಕೆಲಸ ತನ್ನಿಂದ ಆಗುತ್ತದೆಂದು ನಂಬಿದವನು ಅದನ್ನು ಆರಂಭಿಸುತ್ತಾನೆ, ಅಡ್ಡಿ ಬಂದರೂ ಬಿಡದೆ ಹಿಡಿಯುತ್ತಾನೆ.

ಗ್ಲಾಕೋಮಾದಂಥ ಕಾಯಿಲೆಗೆ ಈ ನಂಬಿಕೆ ಬೇಕೇ ಬೇಕು. ನೋವಿಲ್ಲ, ಕೆಂಪಿಲ್ಲ, ಎದುರಿನದೆಲ್ಲ ಚೆನ್ನಾಗಿಯೇ ಕಾಣುತ್ತದೆ. ಅಂಚಿನ ನೋಟ ಸವೆಯುವುದು ಬಹುಕಾಲ ಗೊತ್ತೇ ಆಗುವುದಿಲ್ಲ. ಡ್ರಾಪ್ಸ್ ಹಾಕಿದ್ದರಿಂದ ದೃಷ್ಟಿಯೇನೂ ಸುಧಾರಿಸದು. ಉಳಿದದ್ದನ್ನು ಉಳಿಸುತ್ತದೆ, ಅಷ್ಟೇ. ಹೋದದ್ದು ಹಿಂದಿರುಗುವುದಿಲ್ಲ. ಪ್ರತಿಫಲ ಕಣ್ಣಿಗೆ ಕಾಣದ ಕೆಲಸವನ್ನು ಬದುಕಿರುವವರೆಗೆ ದಿನವೂ ಮಾಡಬೇಕು. ಆದ್ದರಿಂದ ‘ಮರೆತಿರಾ?’ ಎಂದು ತಪ್ಪಿತಸ್ಥರನ್ನು ಕೇಳುವ ಹಾಗೆ ವಿಚಾರಿಸುವುದನ್ನು ಬಿಟ್ಟು ‘ಎಲ್ಲಿ ಕಷ್ಟವಾಗುತ್ತದೆ?’ ಎಂದು ಕೇಳುವ ದಾರಿಯನ್ನು ಈ ಪ್ರಶ್ನಾವಳಿ ತೆರೆದಿದೆ. ಅದರ ದೊಡ್ಡ ಗುಣ ಇದು.

ತೊಡಕಿರುವುದು ಎರಡನೆಯ ಭಾಗದಲ್ಲಿ. ಹನಿ ಬಿಟ್ಟುಕೊಳ್ಳುವುದು ಕೈಕೆಲಸ. ತಲೆ ಹಿಂದಕ್ಕೆ ಬಾಗಿಸಿ, ಕೆಳರೆಪ್ಪೆಯನ್ನು ಎಳೆದು, ಬಾಟಲಿಯ ತುದಿ ಕಣ್ಣಿಗೆ ತಾಗದಂತೆ ಹಿಡಿದು ಒಂದೇ ಹನಿ ಬೀಳಿಸಬೇಕು. ಆಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಒತ್ತಿಕೊಂಡಿರಬೇಕು. ಇಲ್ಲದಿದ್ದರೆ ಔಷಧಿ ಮೂಗಿನೊಳಕ್ಕೆ ಇಳಿದು ರಕ್ತಕ್ಕೆ ಸೇರುತ್ತದೆ. ಅದು ಟಿಮೊಲಾಲ್ ಆಗಿದ್ದರೆ ಅಸ್ತಮಾ ಇದ್ದವರಿಗೆ ಉಸಿರು ಕಟ್ಟಬಹುದು, ನಾಡಿಬಡಿತ ನಿಧಾನವಾಗಬಹುದು. ಎರಡು ಔಷಧಿಗಳಿದ್ದರೆ ನಡುವೆ ಐದು ನಿಮಿಷವಾದರೂ ಬಿಡುವಿರಬೇಕು. ಸಂಧಿವಾತದ ಬೆರಳುಗಳಿಗೆ, ನಡುಗುವ ಕೈಗೆ ಇದು ಸುಲಭವಲ್ಲ. ಒಂದರ ಬದಲು ಮೂರು ಹನಿ ಬಿದ್ದರೆ ತಿಂಗಳು ಮುಗಿಯುವ ಮೊದಲೇ ಬಾಟಲಿ ಖಾಲಿ. ಆ ಖರ್ಚನ್ನು ನೆನೆದು ಹನಿ ತಪ್ಪಿಸುವವರೂ ಇದ್ದಾರೆ.

ದೆಹಲಿಯ ಏಮ್ಸ್ ವೈದ್ಯರು 70 ಗ್ಲಾಕೋಮಾ ರೋಗಿಗಳು ಹನಿ ಹಾಕಿಕೊಳ್ಳುವುದನ್ನು ನೋಡಿ 2012ರಲ್ಲಿ ಬರೆದ ವರದಿ ಇಲ್ಲಿ ನೆನಪಾಗುತ್ತದೆ. ಹತ್ತರಲ್ಲಿ ಸುಮಾರು ಒಂಬತ್ತು ಜನಕ್ಕೆ ಅದು ಸರಿಯಾಗಿ ಬರಲಿಲ್ಲ. ವರ್ಷಗಟ್ಟಲೆ ತಪ್ಪಾಗಿ ಮಾಡಿದವರಿಗೂ ವಿಶ್ವಾಸಕ್ಕೇನು ಕೊರತೆ? ಸ್ಕೂಟರ್ ಓಡಿಸಲು ಬರುತ್ತದೆಯೇ ಎಂದು ಬಾಯಲ್ಲಿ ಕೇಳಿಯೇ ಲೈಸೆನ್ಸ್ ಕೊಟ್ಟಂತಾಗುತ್ತದೆ, ಬರೀ ಕಾಗದ ನಂಬಿದರೆ. ಸ್ಲೀತ್ ತಂಡಕ್ಕೆ ಇದು ಗೊತ್ತಿತ್ತು. ಅವರ ಅಧ್ಯಯನಗಳಲ್ಲಿ ರೋಗಿಗಳು ಹನಿ ಹಾಕಿಕೊಳ್ಳುವುದನ್ನು ವಿಡಿಯೊದಲ್ಲೂ ದಾಖಲಿಸಿದರು. ನಮ್ಮ ತುಂಬಿ ತುಳುಕುವ ಓಪಿಡಿಗೆ ಈ ಅಳತೆ ಬಂದರೆ ವಿಡಿಯೊ ಹಿಂದುಳಿದು ಹಾಳೆ ಮಾತ್ರ ಬರುತ್ತದೆ ಎಂಬುದೇ ನನ್ನ ಆತಂಕ. ಹಾಳೆ ಅಗ್ಗ, ಅಂಕ ಬೇಗ ಸಿಗುತ್ತದೆ.

ಇನ್ನೊಂದು ಕೊರತೆಯಿದೆ, ನನಗೆ ಅದೇ ಹೆಚ್ಚು ಮುಖ್ಯ. ಈ ಪ್ರಶ್ನಾವಳಿಯ ಪ್ರಶ್ನೆಗಳೆಲ್ಲ ಒಂಟಿ ವ್ಯಕ್ತಿಯನ್ನು ಉದ್ದೇಶಿಸಿದವು: ನೀವು ಮಾಡಬಲ್ಲಿರಾ? ನಮ್ಮ ಎಷ್ಟೋ ಮನೆಗಳಲ್ಲಿ ಅತ್ತೆಗೆ ಹನಿ ಬಿಡುವವಳು ಸೊಸೆ, ಗಂಡನಿಗೆ ಹೆಂಡತಿ, ಇಬ್ಬರಿಗೂ ಆಗದಿದ್ದರೆ ಕೆಲಸಕ್ಕೆ ಬರುವಾಕೆ. ಆಗ ಅಳೆಯಬೇಕಾದದ್ದು ಯಾರ ವಿಶ್ವಾಸವನ್ನು? ಕೆಲಸದಾಕೆ ಊರಿಗೆ ಹೋದ ವಾರ ಏನು ಮಾಡುತ್ತೀರಿ ಎಂಬುದು ರಿಚರ್ಡ್ಸ್ ಟೌನಿನ ಮಟ್ಟಿಗೆ ಅತ್ಯಗತ್ಯವಾದ ಪ್ರಶ್ನೆ. ತಮಿಳು, ಉರ್ದು, ಕನ್ನಡ, ಇಂಗ್ಲಿಷ್ ನಾಲ್ಕೂ ಒಂದೇ ಬೀದಿಯಲ್ಲಿ ಕೇಳುವ ಊರು ಇದು. ಹಾಳೆ ಯಾವ ಭಾಷೆಯಲ್ಲಿದ್ದರೂ ಯಾರಾದರೂ ಓದಿ ಹೇಳಬೇಕು. ಆ ಓದುವವರು ಬಿಳಿ ಕೋಟಿನವರಾದರೆ ‘ಪೂರ್ತಿ ವಿಶ್ವಾಸವಿದೆ’ ಎಂಬ ಉತ್ತರಕ್ಕೇ ಗುರುತು ಬೀಳುವ ಸಂಭವ ಹೆಚ್ಚು. ದೊಡ್ಡ ಡಾಕ್ಟರ ಮುಂದೆ ‘ನನಗೆ ಬರುವುದಿಲ್ಲ’ ಎನ್ನಲು ಸಂಕೋಚ.

ಹಾಗೆಂದು ಈ ಅಳತೆಯನ್ನು ಬೇಡವೆನ್ನಲಾರೆ. ಮೊದಲ ಭಾಗವನ್ನು ಇದ್ದಂತೆಯೇ ಬಳಸಬಹುದು. ಅಂಕಕ್ಕಾಗಿ ಅಲ್ಲ, ಮಾತು ಆರಂಭಿಸಲು. ಎರಡನೆಯ ಭಾಗಕ್ಕೆ ಮಾತ್ರ, ಒಬ್ಬರು ಎದುರಿಗೆ ನಿಂತು ನೋಡದ ಹೊರತು, ಬೆಲೆಯಿಲ್ಲ. ಅದಕ್ಕೆ ಹೊಸ ಯಂತ್ರ ಬೇಕಿಲ್ಲ, ನರ್ಸಮ್ಮನ ಎರಡು ನಿಮಿಷ ಸಾಕು. ನಿಮಗೋ ನಿಮ್ಮ ಮನೆಯವರಿಗೋ ಗ್ಲಾಕೋಮಾ ಇದ್ದರೆ, ಮುಂದಿನ ಸಲ ಕಣ್ಣಾಸ್ಪತ್ರೆಗೆ ಹೋಗುವಾಗ ಬಾಟಲಿಯನ್ನು ತೆಗೆದುಕೊಂಡು, ಮನೆಯಲ್ಲಿ ಹನಿ ಬಿಡುವವರನ್ನೂ ಜೊತೆಗೆ ಕರೆದೊಯ್ಯಿರಿ. “ಒಂದು ಸಲ ಹಾಕಿ ತೋರಿಸ್ತೀವಿ, ಸರಿಯಿದೆಯಾ ನೋಡಿ” ಎಂದು ನೀವೇ ಕೇಳಿ.