ನಿರುದ್ಯೋಗಿಗಳ ತಾಳ, ಮಾರುಕಟ್ಟೆಯ ಕಿವಿ

ಜಮೈಕಾದ ರೆಗೇ ಹೊರನಾಡಿನಲ್ಲಿ ಮಾರಾಟವಾಗಬೇಕಾದರೆ ಅದರ ಸಿಟ್ಟನ್ನು ಇಳಿಸಿ ಇಂಪನ್ನು ಮಾತ್ರ ಉಳಿಸಿಕೊಳ್ಳಬೇಕು ಎಂಬ ನಂಬಿಕೆ ಸಂಗೀತದ ವ್ಯಾಪಾರದಲ್ಲಿ ಬಲವಾಗಿ ಬೇರೂರಿದೆ. ಅದನ್ನು ನಾನು ಒಪ್ಪುವುದಿಲ್ಲ. ಒಪ್ಪದಿರುವುದಕ್ಕೆ ನನ್ನ ಕೈಲಿರುವ ದೊಡ್ಡ ಸಾಕ್ಷಿ ಬರ್ಮಿಂಗ್‌ಹ್ಯಾಮಿನ ಯುಬಿ40 ತಂಡದ ಮೊದಲ ಆಲ್ಬಂ ‘ಸೈನಿಂಗ್ ಆಫ್’. 1980ರ ಆಗಸ್ಟ್ ಕೊನೆಯಲ್ಲಿ ಹೊರಬಂದ ಅದು ಬ್ರಿಟನ್ನಿನ ಚಾರ್ಟಿನಲ್ಲಿ ಎರಡನೇ ಸ್ಥಾನಕ್ಕೇರಿತು, 70 ವಾರಗಳಿಗೂ ಹೆಚ್ಚು ಕಾಲ ಪಟ್ಟಿಯಲ್ಲಿ ನಿಂತಿತು. ಪ್ರೇಮಗೀತೆ ಎನ್ನಬಹುದಾದದ್ದು ಅದರಲ್ಲಿ ಒಂದೂ ಇಲ್ಲ.

ರೆಗೇಯನ್ನು ಹೊರನಾಡಿನ ಸಂಗೀತದೊಂದಿಗೆ ಬೆಸೆಯುವ ಪರಂಪರೆ ಶುರುವಾದದ್ದೇನೋ ಮಾರುಕಟ್ಟೆಯ ಲೆಕ್ಕಾಚಾರದಿಂದಲೇ. 1973ರಲ್ಲಿ ಬಾಬ್ ಮಾರ್ಲಿ ಮತ್ತು ವೇಲರ್ಸ್ ತಂಡದ ‘ಕ್ಯಾಚ್ ಎ ಫೈರ್’ ಬಂದಾಗ, ಜಮೈಕಾದಲ್ಲಿ ಮುದ್ರಿಸಿದ್ದ ಹಾಡುಗಳ ಮೇಲೆ ಐಲೆಂಡ್ ಕಂಪನಿಯ ಕ್ರಿಸ್ ಬ್ಲ್ಯಾಕ್‌ವೆಲ್ ಲಂಡನ್ನಿನಲ್ಲಿ ರಾಕ್ ಗಿಟಾರನ್ನೂ ಕೀಬೋರ್ಡನ್ನೂ ಸೇರಿಸಿದರು. ರಾಕ್ ಕೇಳುವ ಬಿಳಿಯ ಹುಡುಗರ ಕಿವಿಗೆ ಅದು ಹತ್ತಬೇಕಿತ್ತು. 1978ರಲ್ಲಿ ‘ದಿ ಪೊಲೀಸ್’ ತಂಡದ ಮೂವರು ಬಿಳಿಯರು ರೆಗೇ ನಡೆಯನ್ನು ಪಂಕ್ ಜೊತೆ ಬೆರೆಸಿದ ಹಾಡುಗಳನ್ನು ಹೊರತಂದರು. ಅದೇ ವರ್ಷ ಬರ್ಮಿಂಗ್‌ಹ್ಯಾಮಿನ ಹ್ಯಾಂಡ್ಸ್‌ವರ್ತ್ ಬಡಾವಣೆಯ ಸ್ಟೀಲ್ ಪಲ್ಸ್ ತಂಡ, ಕರಿಯರ ಬದುಕಿನ ಕೋಪವನ್ನು ಒಂದಿಷ್ಟೂ ತೆಳುಮಾಡದೆ ‘ಹ್ಯಾಂಡ್ಸ್‌ವರ್ತ್ ರೆವಲ್ಯೂಷನ್’ ಕೊಟ್ಟು ಮೊದಲ ಹತ್ತರೊಳಗೆ ಬಂತು. ಯುಬಿ40 ಶೂನ್ಯದಿಂದ ಉದ್ಭವಿಸಲಿಲ್ಲ. ಆ ಊರು ಆಗಲೇ ಹಾಡುತ್ತಿತ್ತು.

ಆ ಊರಿಗೆ ಇನ್ನೊಂದು ಮುಖವೂ ಇತ್ತು. ವಲಸಿಗರ ವಿರುದ್ಧ ರಾಜಕಾರಣಿ ಇನಾಕ್ ಪೊವೆಲ್ 1968ರಲ್ಲಿ ಕುಖ್ಯಾತ ಭಾಷಣ ಮಾಡಿದ್ದು ಅಲ್ಲೇ. 1976ರಲ್ಲಿ ರಾಕ್ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ವೇದಿಕೆಯಿಂದಲೇ ಪೊವೆಲ್ ಪರ ಮಾತಾಡಿದ್ದೂ ಅಲ್ಲೇ. ಅಂಥ ಊರಿನಲ್ಲಿ ಬಿಳಿಯರೂ ಕರಿಯರೂ ಬೆರೆತ ಎಂಟು ಮಂದಿ ಗೆಳೆಯರು ತಂಡ ಕಟ್ಟಿದರು. ನಿರುದ್ಯೋಗ ಭತ್ಯೆಯ ಸರ್ಕಾರಿ ಫಾರಂನ ಸಂಖ್ಯೆಯನ್ನೇ ಹೆಸರಾಗಿಟ್ಟುಕೊಂಡರು. ಹಾಡುಗಾರ ಅಲಿ ಕ್ಯಾಂಬೆಲ್ ಪಬ್ ಒಂದರಲ್ಲಿ ಹಲ್ಲೆಗೊಳಗಾಗಿದ್ದರು. ಅದಕ್ಕೆ ಸಿಕ್ಕ ಪರಿಹಾರದ ಹಣದಿಂದ ವಾದ್ಯಗಳು ಬಂದವು. ದೊಡ್ಡ ಸ್ಟುಡಿಯೋ ಇರಲಿಲ್ಲ. ನಿರ್ಮಾಪಕ ಬಾಬ್ ಲ್ಯಾಂಬ್ ಅವರ ಮನೆಯಲ್ಲಿ, ಎಂಟು ಟ್ರ್ಯಾಕಿನ ಯಂತ್ರದಲ್ಲಿ ಮುದ್ರಣ ನಡೆಯಿತು. ಜಾಗ ಸಾಲದೆ ಕೆಲವು ತಾಳವಾದ್ಯಗಳನ್ನು ತೋಟದಲ್ಲಿ ನುಡಿಸಿದ್ದರಿಂದ ಹಕ್ಕಿಗಳ ಸದ್ದೂ ಸೇರಿಕೊಂಡಿದೆ. ಹೊರತಂದದ್ದು ಡಡ್ಲಿಯ ಗ್ರ್ಯಾಜುಯೇಟ್ ಎಂಬ ಸಣ್ಣ ಲೇಬಲ್. ಮುಖಪುಟದ ತುಂಬ ಅದೇ ಭತ್ಯೆಯ ಫಾರಂ. ಬ್ರಿಟನ್ನಿನ ನಿರುದ್ಯೋಗಿಗಳ ಸಂಖ್ಯೆ 20 ಲಕ್ಷ ದಾಟಿದ ಸುದ್ದಿ ಬಂದದ್ದೂ ಅದೇ ಆಗಸ್ಟಿನಲ್ಲಿ. ತಾವೇ ಸಾಲಿನಲ್ಲಿ ನಿಂತು ತುಂಬಿದ ಕಾಗದ ಅಂಗಡಿಯ ಕಪಾಟಿನಲ್ಲಿ ಕಂಡಾಗ ಹುಡುಗರಿಗೆ ಹೇಗನಿಸಿರಬೇಡ!

ಸಂಗೀತಕ್ಕೆ ಬರೋಣ. ರೆಗೇಯಲ್ಲಿ ಗಿಟಾರ್ ಸಮದ ಮೇಲೆ ಬೀಳುವುದಿಲ್ಲ, ಪೆಟ್ಟುಗಳ ನಡುವಿನ ಸಂದಿಯಲ್ಲಿ ಬೀಳುತ್ತದೆ. ತಾಳ ಶುರುವಾದ ಮೇಲೆ ಹಾಡು ಎತ್ತುವ ಅನಾಗತ ಎಡುಪು ಕೇಳಿ ಬೆಳೆದ ನಮ್ಮ ಕಿವಿಗೆ ಆ ಕಾಯಿಸುವಿಕೆ ಹೊಸದಲ್ಲ. ಈ ಆಲ್ಬಮ್ಮಿನಲ್ಲಿ ಆ ಸಂದಿ ಇನ್ನೂ ಅಗಲ. ಅರ್ಲ್ ಫಾಲ್ಕನರ್ ಅವರ ಬೇಸ್ ನೆಲವನ್ನು ಹಿಡಿದಿಟ್ಟರೆ, ಅದರ ಮೇಲೆ ಬ್ರಯಾನ್ ಟ್ರಾವರ್ಸ್ ಅವರ ಸ್ಯಾಕ್ಸೊಫೋನ್ ಪ್ರತಿಧ್ವನಿಯಲ್ಲಿ ನೆನೆದು ದೂರದಿಂದ ಬಂದಂತೆ ಬರುತ್ತದೆ. ಅಲಿಯವರ ದನಿ ಎಲ್ಲೂ ಕೂಗುವುದಿಲ್ಲ. ಕೂಗದಿರುವುದೇ ಇಲ್ಲಿನ ಶಕ್ತಿ. ‘ಟೈಲರ್’ ಹಾಡು ಗ್ಯಾರಿ ಟೈಲರ್ ಎಂಬ ಕರಿಯ ಹುಡುಗನದು. ಅಮೆರಿಕದ ಲೂಸಿಯಾನಾದಲ್ಲಿ 1974ರಲ್ಲಿ ನಡೆದ ಕೊಲೆಯ ಆರೋಪ ಹೊತ್ತು, ಬಿಳಿಯರೇ ತುಂಬಿದ್ದ ಜ್ಯೂರಿಯ ಮುಂದೆ ನಿಂತು ಮರಣದಂಡನೆಗೆ ಗುರಿಯಾದವನು. ಆ ಶಿಕ್ಷೆ ಆಮೇಲೆ ಜೀವಾವಧಿಗೆ ಇಳಿಯಿತು, ಬಿಡುಗಡೆಯಾದದ್ದು 2016ರಲ್ಲಿ. ಮೊದಲ ಹಾಡಾಗಿ ಇದನ್ನೇ ಇಟ್ಟ ತಂಡಕ್ಕೆ ತಾನೇನು ಮಾಡುತ್ತಿದ್ದೇನೆಂದು ಚೆನ್ನಾಗಿ ಗೊತ್ತಿತ್ತು. ‘ಬರ್ಡನ್ ಆಫ್ ಶೇಮ್’ ಬ್ರಿಟನ್ನಿನ ಸಾಮ್ರಾಜ್ಯದ ಪಾಪವನ್ನೂ ದಕ್ಷಿಣ ಆಫ್ರಿಕಾದ ವರ್ಣನೀತಿಯನ್ನೂ ಒಂದೇ ಉಸಿರಿನಲ್ಲಿ ಎತ್ತುತ್ತದೆ. ಜೊತೆಗೆ ಕೊಟ್ಟ ಎರಡನೇ ತಟ್ಟೆಯಲ್ಲಿ 12 ನಿಮಿಷಕ್ಕೂ ಮೀರಿದ ‘ಮ್ಯಾಡಮ್ ಮೆಡುಸಾ’ ಇದೆ. ಅದರ ಗುರಿ ಆಗಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್.

ನಡುವಿನ ವಾದ್ಯಸಂಗೀತದ ತುಣುಕುಗಳಲ್ಲಿ ಒಂದೆರಡು ಸಪ್ಪೆ. ಇರಲಿ.

ಬಿಳಿಯ ದನಿಯಿಂದಾಗಿ ಇದು ಗೆದ್ದಿತು ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ರೇಡಿಯೊದ ಬಾಗಿಲು ಅಲಿಯವರಿಗೆ ತೆರೆದಷ್ಟು ಸುಲಭವಾಗಿ ಎಷ್ಟೋ ಕರಿಯ ಗಾಯಕರಿಗೆ ತೆರೆಯಲಿಲ್ಲ. ಆದರೆ ಆ ಬಾಗಿಲಿನಿಂದ ಒಳಗೆ ಹೋದದ್ದೇನು ಎಂಬುದನ್ನೂ ನೋಡಬೇಕು. ಕಾಂಬೋಡಿಯಾದ ಹಸಿವನ್ನು ಕ್ರಿಸ್‌ಮಸ್ ಊಟದ ಎದುರಿಗಿಟ್ಟ ‘ಫುಡ್ ಫಾರ್ ಥಾಟ್’, ದೊಡ್ಡ ಕಂಪನಿಯ ಬೆಂಬಲವಿಲ್ಲದೆ ಸಿಂಗಲ್ಸ್ ಪಟ್ಟಿಯ ನಾಲ್ಕನೇ ಸ್ಥಾನಕ್ಕೆ ಹೋಯಿತು. ದಕ್ಷಿಣ ಆಫ್ರಿಕಾದಲ್ಲಿ ಮಾರುವ ಪ್ರತಿಗಳಿಂದ ಲೇಬಲ್ ‘ಬರ್ಡನ್ ಆಫ್ ಶೇಮ್’ ಅನ್ನು ತೆಗೆದಾಗ ತಂಡ ಆ ಲೇಬಲನ್ನೇ ಬಿಟ್ಟು ಡಿಇಪಿ ಇಂಟರ್‌ನ್ಯಾಷನಲ್ ಎಂಬ ತನ್ನದೇ ಸಂಸ್ಥೆ ಕಟ್ಟಿತು. ಗೆಲುವು ಕೈಗೆ ಬಂದ ಹೊತ್ತಿನಲ್ಲಿ ಹಾಗೆ ನಡೆದುಕೊಳ್ಳುವ ತಂಡಗಳು ಅಪರೂಪ.

ಮುಂದೆ ಕಥೆ ತಿರುಗಿತು. 1983ರ ‘ಲೇಬರ್ ಆಫ್ ಲವ್’ನಲ್ಲಿ ತಾವು ಬಾಲ್ಯದಲ್ಲಿ ಕೇಳಿದ ರೆಗೇ ಹಾಡುಗಳನ್ನೇ ಮತ್ತೆ ಹಾಡಿದರು. ಅದರಲ್ಲಿದ್ದ ‘ರೆಡ್ ರೆಡ್ ವೈನ್’ ಬ್ರಿಟನ್ನಿನಲ್ಲಿ ಮೊದಲ ಸ್ಥಾನ ಪಡೆಯಿತು, 1988ರಲ್ಲಿ ಅಮೆರಿಕದಲ್ಲೂ. ಆ ಆಲ್ಬಂ ಅಪ್ರಾಮಾಣಿಕ ಎನ್ನಲಾರೆ. ಹಳೆಯ ಗಾಯಕರ ಮೇಲಿನ ಪ್ರೀತಿ ಅದರಲ್ಲಿ ನಿಜವಾಗಿಯೇ ಇದೆ. ಕೆಡುಕಾದದ್ದು ಅದರಿಂದ ಉದ್ಯಮ ಕಲಿತ ಪಾಠ. ಮೆತ್ತನೆಯ ರೆಗೇ, ಪರಿಚಿತ ರಾಗ, ಪ್ರೇಮ: ಇಷ್ಟಿದ್ದರೆ ಸಾಕೆಂಬ ಅಚ್ಚು ತಯಾರಾಯಿತು. 1994ರಲ್ಲಿ ಬಿಗ್ ಮೌಂಟನ್ ತಂಡದ ಗೆಲುವು, 2013ರಲ್ಲಿ ಕೆನಡಾದ ‘ಮ್ಯಾಜಿಕ್!’ ತಂಡದ ‘ರೂಡ್’ ಆ ಅಚ್ಚಿನಿಂದಲೇ ಬಂದವು. ‘ರೂಡ್’ 2014ರಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು. ಕಿವಿಗೆ ಹಿತವಾದ ಹಾಡು. ಮಾವನಾಗಲಿರುವವನ ಒಪ್ಪಿಗೆಗಿಂತ ದೊಡ್ಡ ಚಿಂತೆ ಅದರಲ್ಲಿಲ್ಲ.

ಮಾರುಕಟ್ಟೆಗೆ ಸಿಟ್ಟು ಬೇಡ ಎನ್ನುವವರು ‘ಸೈನಿಂಗ್ ಆಫ್’ ಮಾರಾಟವಾದ ರೀತಿಗೆ ಉತ್ತರ ಕೊಡಬೇಕು. ಕೇಳುಗರು ತಮ್ಮ ಬದುಕನ್ನು ಹಾಡಿನಲ್ಲಿ ಕಂಡು ಅದನ್ನು ಕೊಂಡರು ಎಂಬುದು ನನ್ನ ತೀರ್ಮಾನ. ಆ ತಂಡ ಆಮೇಲೆ ಮಾಡಿದ ಯಾವುದೂ ಈ ಮೊದಲ ಆಲ್ಬಮ್ಮಿನ ಎತ್ತರ ಮುಟ್ಟಲಿಲ್ಲ. ಯುಬಿ40 ಎಂದರೆ ‘ರೆಡ್ ರೆಡ್ ವೈನ್’ ಎಂದಷ್ಟೇ ತಿಳಿದವರು ದಯವಿಟ್ಟು ಎರಡನೇ ತಟ್ಟೆಯ ಮೂರೂ ಹಾಡುಗಳಿರುವ ಆವೃತ್ತಿಯನ್ನೇ ಹುಡುಕಿ, ‘ಟೈಲರ್’ನಿಂದ ಶುರುಮಾಡಿ ಪೂರ್ತಿ ಕೇಳಿ.